ಹತ್ತನೇ ಬೊಟ್ಟು

“ಶನಿವಾರ ಮೂವತ್ನಾಕು ಇತ್ತು, ಇವತ್ತು ನಲವತ್ತೊಂದು. ಇಳೀಬೇಕಾದದ್ದು ಏರೈತಿ. ಅಂದ್ರ ಏನರ್ಥ ಝಾನ್ಸಿಯವರ? ನನ್ನ ದವಾಖಾನಿಯೊಳಗ, ನನ್ನ ಕಣ್ಣಮುಂದ, ಯಾರೋ ಇವರಿಗೆ ಗುಳಿಗಿ ನುಂಗಸಾಕ ಹತ್ಯಾರ!”

ಡಾಕ್ಟರ್ ನವನೀತಾ ರೋಗಿ ನರಸಿಂಹುಲುವಿನ ರಕ್ತದ ವರದಿಯನ್ನು ಮೇಜಿನ ಮೇಲೆ ಕುಕ್ಕಿದರು. ರಾಯಚೂರಿನಲ್ಲಿ ಓದಿ, ಗದ್ವಾಲದಲ್ಲಿ ಇಪ್ಪತ್ತು ಮಂಚದ ಸಣ್ಣ ದವಾಖಾನೆ ಇಟ್ಟುಕೊಂಡ ಹೆಣ್ಣುಮಗಳು. ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿದಂತಿರಲಿಲ್ಲ.

ಝಾನ್ಸಿಗೆ ಆ ವರದಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಖ್ತಲ್ ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದವಳು, ಒಂದು ದಿನ ಕವಾಯತಿನಲ್ಲಿ ಎಲ್ಲರೆದುರು ನೊರೆ ಕಾರಿ ಬಿದ್ದು, ನೌಕರಿ ಬಿಟ್ಟು, ಪತ್ತೆ ಕೆಲಸಕ್ಕೆ ಇಳಿದವಳು. ಮೂರ್ಛೆಯ ಗುಳಿಗೆಗಳ ರುಚಿ ಹನ್ನೆರಡು ವರ್ಷದಿಂದ ಗೊತ್ತು. ಅವಳಿಗೆ ಮೊದಲು ಕೊಟ್ಟದ್ದೂ ಈ ವರದಿಯಲ್ಲಿದ್ದ ಫೆನಿಟಾಯಿನ್ನೇ. ಫಿಟ್ಸ್ ನಿಂತವು, ಆದರೆ ವಸಡು ಬಾತು ಹಲ್ಲು ಮುಚ್ಚಿಕೊಂಡವು. ಬದಲಿಸಿ ಇನ್ನೊಂದು ಕೊಟ್ಟರು. ಅದರಲ್ಲಿ ವಸಡು ಇಳಿಯಿತು, ಸಿಟ್ಟು ಏರಿತು. ಆ ಮೂರು ತಿಂಗಳು ಓಣಿಯಲ್ಲಿ ಯಾರ ಜೊತೆ ಜಗಳ ಆಡದೆ ಬಿಟ್ಟಳು ಹೇಳಿ! ಡೋಸು ತಗ್ಗಿಸಿದ ಮೇಲೆಯೇ ಓಣಿಗೆ ನೆಮ್ಮದಿ. ಆದರೂ ಒಂದು ಹೊತ್ತು ತಪ್ಪಿಸಿದವಳಲ್ಲ. ತಪ್ಪಿಸಿದರೆ ಏನಾಗುತ್ತದೆ ಎಂದು ನೆಲಕ್ಕೆ ಬಡಿದ ಅವಳ ಹಣೆಗೇ ಗೊತ್ತಿತ್ತು.

“ನೀವು ಶುಕ್ರವಾರಾನೇ ಗುಳಿಗಿ ಬಂದ್ ಮಾಡೀರಲ್ರೀ?”

“ಮಾಡೀನಿ. ಒಮ್ಮೆಲೇ ಬಂದ್ ಮಾಡಿದ್ರ ಫಿಟ್ಸ್ ಬರ್ತಾವಂತ ಬ್ಯಾರೆ ಔಷಧ ಸಲಾಯಿನ್ ಜೋಡಿ ಕೊಡಾಕ ಹತ್ತೀನಿ. ಈ ಫೆನಿಟಾಯಿನ್ ಒಂದು ಚೂರೂ ಕೊಟ್ಟಿಲ್ಲ. ಇದು ಭಾಳ ಮೋಸದ ಗುಳಿಗಿ ನೋಡ್ರಿ. ಇಪ್ಪತ್ತು ದಾಟಬಾರದು. ಎರಡು ತಿಂಗಳ ಹಿಂದ ಇವರ ರಕ್ತದಾಗ ಹತ್ತೊಂಬತ್ತು ಇತ್ತು. ತುಂಬಿದ ಕೊಡಕ್ಕ ಮ್ಯಾಲ ಎರಡು ಚಂಬು ಹೊಯ್ದ್ರ ಏನಾಗತೈತಿ? ದಿನಾ ರಾತ್ರಿ ಮೂರು ನುಂಗತಿದ್ರು, ಅದು ಇವರ ಮೈಗೆ ಮದ್ದು. ಐದು ನುಂಗಿದ್ರ ವಿಷ.”

“ಹೆಚ್ಚಿನವು ಬಿದ್ದ ಎಷ್ಟು ದಿನಕ್ಕ ಗೊತ್ತಾಗತೈತಿ?”

“ಇವರಿಗಾದ್ರ ಅದೇ ದಿನ. ಮುಂಜಾನಿ ಬಿದ್ರ ಮಧ್ಯಾಹ್ನದೊಳಗ ಕಣ್ಣಿಗೆ ಒಂದು ಎರಡಾಗಿ ಕಾಣತೈತಿ. ಆಮ್ಯಾಲ ಕೈ ನಡಗತೈತಿ, ಕಾಲು ತಪ್ಪತೈತಿ, ನಾಲಿಗಿ ದಪ್ಪಾಗತೈತಿ. ಇನ್ನೊಂದು ಸಲ ಬಿತ್ತು ಅಂದ್ರ ಎಚ್ಚರ ಹೋಗತೈತಿ. ಆಮ್ಯಾಲ ಉಸಿರು ನನ್ನ ಕೈಯಾಗಿಲ್ಲ, ಹೇಳಿಬಿಡತೀನಿ.”

ಝಾನ್ಸಿ ಎದ್ದು ವಾರ್ಡಿಗೆ ಬಂದಳು.

ನಾರಾಯಣಪೇಟೆಯ ನೇಕಾರ ನರಸಿಂಹುಲು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ವಯಸ್ಸು ನಲವತ್ತೊಂದು. ನೇಕಾರರ ಸೊಸೈಟಿಯ ನೂಲಿನ ಗೋದಾಮಿಗೆ ಬೆಂಕಿ ಬಿದ್ದು ಕಾವಲುಗಾರ ಸಾಯಣ್ಣ ಸುಟ್ಟು ಸತ್ತ ದಿನ, ಸೀಮೆಎಣ್ಣೆ ಡಬ್ಬಿ ಹಿಡಿದು ಹೊರಗೆ ಬಂದವನನ್ನು ಕಂಡವನು ಇವನೊಬ್ಬನೇ. ಆ ಬೆಂಕಿಯ ಪತ್ತೆಗೆ ಇಳಿದ ಝಾನ್ಸಿ, ಅವನು ಯಾರೆಂದು ಕೇಳಿದರೆ, “ಪೇಶಿಯ ದಿನ ಜಡ್ಜ್ ಸಾಹೇಬ್ರ ಮುಂದ ಹೇಳತೀನಿ, ಅಲ್ಲೀತನಕ ನನ್ನ ಹೆಂಡ್ತೀಗೂ ಹೇಳಂಗಿಲ್ಲ” ಎಂದು ಹಟ ಹಿಡಿದಿದ್ದ. ಪೇಶಿ ನಾಡಿದ್ದು ಗುರುವಾರ. ಶುಕ್ರವಾರ ಮಗ್ಗದಿಂದ ಏಳುವಾಗ ತೂರಾಡಿ ಬಿದ್ದವನು ಮತ್ತೆ ನೆಟ್ಟಗೆ ನಿಂತಿರಲಿಲ್ಲ.

“ಇಬ್ರು ಝಾನ್ಸಿ ಬಂದೀರಲ್ಲ...” ಅವನ ಮಾತು ತೊದಲುತ್ತಿತ್ತು. ಕಣ್ಣುಗುಡ್ಡೆಗಳು ಒಂದೇ ಸಮ ಅತ್ತಿತ್ತ ಅದುರುತ್ತಿದ್ದವು.

“ಒಬ್ಬಾಕೀನೇ ಅದೀನಪ್ಪ,” ಎಂದಳು ಝಾನ್ಸಿ. ಈ ಮನುಷ್ಯ ಸತ್ತರೆ ಸಾಯಣ್ಣನ ಸಾವೂ ಸುಟ್ಟ ನೂಲಿನ ಜೊತೆ ಬೂದಿಯೇ. ಅದಿರಲಿ, ಕೇಸು ಹಾಳಾಗಿ ಹೋಗಲಿ. ತನ್ನಂತೆಯೇ ದಿನಾ ಗುಳಿಗೆಯನ್ನು ನಂಬಿ ಬದುಕಿದವನನ್ನು ಅದೇ ಗುಳಿಗೆಯಿಂದ ಕೊಲ್ಲುವುದೆಂದರೇನು!

ಮಂಚದ ಸುತ್ತ ಮೂವರಿದ್ದರು. ತಲೆಯ ಬಳಿ ಹೆಂಡತಿ ಭಾಗ್ಯ, ನಾಲ್ಕು ದಿನದಿಂದ ಕದಲದೆ ಕೂತವಳು. ಕಾಲ ಬಳಿ ತಾಯಿ ಅನಂತಮ್ಮ. ಗದ್ವಾಲದಲ್ಲೇ ಮಗಳ ಮನೆ ಇದ್ದುದರಿಂದ ಅಲ್ಲಿಂದ ದಿನಾ ಎರಡು ಹೊತ್ತು ಬಂದು ಹೋಗುತ್ತಿದ್ದಳು. ಗೋಡೆಗೊರಗಿ ನಿಂತವನು ಚಂದ್ರಕಾಂತ್, ಸೊಸೈಟಿಯ ಮ್ಯಾನೇಜರು, ನರಸಿಂಹುಲುವಿನ ಜೊತೆ ಶಾಲೆ ಕಲಿತವನು, ಈ ಮುದುಕಿಯನ್ನು ಅವ್ವಾ ಎಂದೇ ಕರೆಯುವವನು.

ಗದ್ವಾಲದ ಎಸ್ಸೈ ಆಗಲೇ ತೀರ್ಮಾನಕ್ಕೆ ಬಂದಾಗಿತ್ತು. ಹನ್ನೊಂದು ವರ್ಷದಿಂದ ಗಂಡನಿಗೆ ತನ್ನ ಕೈಯಾರೆ ಗುಳಿಗೆ ಕೊಡುವವಳು ಭಾಗ್ಯ. ಸಾಕ್ಷಿ ಹೇಳಬೇಡ ಎಂದು ಓಣಿಗೆಲ್ಲ ಕೇಳುವಂತೆ ಜಗಳ ತೆಗೆದವಳೂ ಭಾಗ್ಯ. ಸಂಜೆ ಬಂದು ಕರೆದೊಯ್ಯುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದ.

“ಭಾಗ್ಯ, ಏಳು. ನೀ ನನ್ನ ಜೋಡಿ ನಾರಾಯಣಪೇಟಿಗೆ ಬರಬೇಕು.”

“ಇವರನ್ನ ಬಿಟ್ಟು ಹ್ಯಾಂಗ ಬರ್ಲಿರಿ ಅಕ್ಕಾರ? ನಿಮ್ಮ ಕಾಲಿಗೆ ಬೀಳತೀನಿ...”

“ಕಾಲಿಗೆ ಬೀಳಬ್ಯಾಡ, ಕಾರು ಹತ್ತು. ಅನಂತಮ್ಮಾ, ಸಂಜೀತನಕ ನೀನೇ ಕುಂದ್ರು ಇಲ್ಲಿ. ನಿನ್ನ ಬಿಟ್ಟು ಬ್ಯಾರೆ ಯಾರೂ ಇವನ ಬಾಯಿಗೆ ನೀರು ಸೈತ ಹಾಕಬಾರದು. ತಿಳೀತೇನು?”

“ಹೆತ್ತಾಕಿಗೆ ಹೇಳಿಕೊಡಬೇಕೇನು ಮಗಳೇ!” ಎಂದು ಮುದುಕಿ ಸೆರಗಿನಿಂದ ಮಗನ ಹಣೆ ಒರೆಸಿದಳು.

“ಅದೇ ಚಲೋ,” ಎಂದ ಚಂದ್ರಕಾಂತ್. “ನನಗ ಸೊಸೈಟಿನ್ಯಾಗ ಕೆಲಸ ಐತಿ, ಹೊಂಟೆ.”

ಬಾಡಿಗೆ ಕಾರು ಜುರಾಲ ಅಣೆಕಟ್ಟು ದಾಟಿ ಮಖ್ತಲ್ ಸೇರಿತು. ಮಖ್ತಲ್ ಬಸ್‌ಸ್ಟ್ಯಾಂಡಿನ ಎದುರು ಲಾರಿಗಳ ಗದ್ದಲದಲ್ಲಿ ಕಾರು ನಿಂತಾಗ ಝಾನ್ಸಿ ಕೇಳಿದಳು.

“ಅವನ ಕೈ ಕೆಟ್ಟದ್ದು ಯಾವತ್ತಿನಿಂದ? ನೆಪ್ಪು ಮಾಡಿ ಹೇಳು.”

“ಹತ್ತು ದಿನ, ಹನ್ನೆರಡು ದಿನ... ನನಗ ತಲೀನೇ ಓಡವಲ್ದ್ರಿ. ಎಳಿ ಎರಡೆರಡು ಕಾಣತಾವ ಅಂತಿದ್ರು. ನೂಲೇ ಸರಿಯಿಲ್ಲ ಅಂತ ಬೈತಿದ್ರು. ಬಟ್ಟಿ ನೋಡಿದ್ರ ಗೊತ್ತಾಗತೈತ್ರಿ, ಇನ್ನ ಮಗ್ಗದಿಂದ ಇಳಿಸಿಲ್ಲ.”

ಝಾನ್ಸಿ ಥಟ್ಟನೆ ತಿರುಗಿದಳು. “ಬಟ್ಟಿ ಅಲ್ಲೇ ಐತೇನು? ಪೂರಾ?”

“ಪೂರಾ ಐತ್ರಿ. ಎಂಟೂ ಸೀರಿ ಮುಗಿಯೂತನಕ ಕತ್ತರಿ ಹಚ್ಚಂಗಿಲ್ಲಲ್ರಿ ನಮ್ಮಲ್ಲಿ.”

ನಾರಾಯಣಪೇಟೆ ಮಗ್ಗದ ಪದ್ಧತಿಯೇ ಹಾಗೆ. ಉದ್ದನೆಯ ಒಂದೇ ಹಾಸು, ಅದರ ಮೇಲೆ ಸಾಲಾಗಿ ಎಂಟು ಸೀರೆ. ನೇಯ್ದದ್ದು ನೇಯ್ದ ಹಾಗೆ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಅಂದರೆ ನರಸಿಂಹುಲುವಿನ ಕೈ ಎಂದು ನೆಟ್ಟಗಿತ್ತು, ಎಂದು ತಪ್ಪಿತು, ಎಲ್ಲವೂ ಆ ದಿಂಡಿನೊಳಗೆ ಸುತ್ತಿ ಕೂತಿತ್ತು. ಝಾನ್ಸಿ ಡ್ರೈವರನ ಹೆಗಲಿಗೆ ತಟ್ಟಿ, ಬೇಗ ನಡಿಯಪ್ಪ ಅಂದಳು.

ಮನೆಯ ನಡುಕೋಣೆಯೇ ಮಗ್ಗದ ಕೋಣೆ. ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯ ಅಂಚಿನಲ್ಲಿ ನರಸಿಂಹುಲು ಕೂರುತ್ತಿದ್ದ ಚಾಪೆಯ ತುಂಡು ಹಾಗೇ ಇತ್ತು. ಭಾಗ್ಯ ದಿಂಡು ಸಡಿಲಿಸಿದಳು. ಅವಳು ಒಂದು ತುದಿ, ಝಾನ್ಸಿ ಒಂದು ತುದಿ ಹಿಡಿದು ಬಟ್ಟೆಯನ್ನು ನೆಲದ ಮೇಲೆ ಬಿಚ್ಚುತ್ತ ಹೋದರು.

ಕೊನೆಗೆ ನೇಯ್ದ ಮೇಲಿನ ಸುತ್ತು ಮೊದಲು ಬಿಚ್ಚಿಕೊಂಡಿತು. ಕಡುಗೆಂಪಿನ ಮೇಲೆ ಹಳದಿ ಚೌಕುಳಿ, ಆದರೆ ಚೌಕುಳಿ ಎಲ್ಲಿದೆ? ಒಂದು ಅಗಲ, ಒಂದು ಕಿರಿದು. ಹಳದಿ ಗೆರೆ ಒಂದರ ಜಾಗದಲ್ಲಿ ಎರಡು. ಕೆಲವು ಕಡೆ ಬಡಿತ ಬಿಗಿ, ಕೆಲವು ಕಡೆ ಬೆರಳು ತೂರುವಷ್ಟು ಸಡಿಲ. ಅಂಚು ಕುಡಿದವನ ನಡಿಗೆಯ ಹಾಗೆ ಒಳಗೆ ಹೊರಗೆ ಓಲಾಡಿತ್ತು. ಇಪ್ಪತ್ತೈದು ವರ್ಷ ಮಗ್ಗದ ಮುಂದೆ ಕೂತ ಕೈ ನೇಯ್ದದ್ದು ಇದು.

“ಈ ಹಳದಿ ಚುಕ್ಕಿ ಏನು?” ಝಾನ್ಸಿ ಅಂಚಿನ ಮೇಲೆ ಬೆರಳಿಟ್ಟಳು.

“ಅರಿಶಿಣದ ಬೊಟ್ರಿ. ನಮ್ಮನಿಯಾಗ ದಿನಾ ಮುಂಜಾನಿ ಮೊದಲ್ನೇ ಎಳಿ ಹಾಕೂಕಿಂತ ಮೊದಲ ಅಂಚಿಗೊಂದು ಬೊಟ್ಟು ಇಡತೀವ್ರಿ. ಒಂದು ಒಗೆತಕ್ಕ ಹೋಗಿಬಿಡತೈತಿ.”

ದಿನಕ್ಕೊಂದು ಬೊಟ್ಟು! ಝಾನ್ಸಿ ಮಂಡಿಯೂರಿ ಎಣಿಸತೊಡಗಿದಳು. ಶುಕ್ರವಾರದ್ದು ಒಂದು. ಹಿಂದಕ್ಕೆ ಹೋದಂತೆ ತಪ್ಪು ಕಡಿಮೆಯಾಗುತ್ತ ಬಂತು. ಎಂಟನೆಯ ಬೊಟ್ಟಿನ ಹತ್ತಿರ ಅಲ್ಲೊಂದು ಇಲ್ಲೊಂದು. ಹತ್ತನೆಯ ಬೊಟ್ಟು ಇಟ್ಟ ಮೇಲೆ ಒಂದು ಗೇಣು ನೇಯ್ದಾಗ ಮೊದಲನೇ ಜೋಡಿಗೆರೆ ಬಿದ್ದಿತ್ತು. ಅದಕ್ಕೂ ಹಿಂದೆ ಬಟ್ಟೆ ಕನ್ನಡಿಯಂತೆ ನುಣುಪಾಗಿತ್ತು, ಒಂದು ಎಳೆಯೂ ಆಚೀಚೆ ಇರಲಿಲ್ಲ.

ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಅವಳು ಬೆರಳು ಮಡಚಿದಳು. ಶುಕ್ರವಾರದಿಂದ ಹಿಂದಕ್ಕೆ ಹತ್ತು ದಿನ. ಬೆರಳು ಬುಧವಾರದ ಮೇಲೆ ನಿಂತಿತು.

“ಭಾಗ್ಯ, ಆ ಬುಧವಾರ ಮನಿಯಾಗ ಯಾರ‍್ಯಾರು ಇದ್ರಿ?”

“ನಾನು, ಅವರು. ಅವತ್ತೇ ಮುಂಜಾನಿ ಮೊದಲ್ನೇ ಬಸ್ಸಿಗೆ ಕೋಸಗಿಂದ ಬಂದಿದ್ದೆ. ತಂಗಿ ಬಾಣಂತನಕ್ಕ ಹೋಗಿದ್ದೆ, ಎಂಟು ದಿನ.”

“ಅತ್ತಿ?”

“ನಾ ಬಂದ್ನೆಲ್ರಿ, ಅತ್ತಿ ಅದೇ ಹೊತ್ತಿಗೆ ಗದ್ವಾಲಕ್ಕ ಮಗಳ ಮನಿಗೆ ಹೋದ್ರು. ಮರುದಿನ ಬಂದ್ರು.”

ಝಾನ್ಸಿ ನಿಧಾನಕ್ಕೆ ಅವಳ ಕಡೆ ತಿರುಗಿದಳು. ಪೊಲೀಸ್ ಠಾಣೆಯ ಹಳೆಯ ದನಿ ಹೊರಗೆ ಬಂತು.

“ಎಂಟು ದಿನ ನೀ ಇರಲಿಲ್ಲ, ಬಟ್ಟಿ ನೆಟ್ಟಗೈತಿ. ನೀ ಬಂದ ದಿನಾನೇ ಕೆಟ್ಟೈತಿ. ಅವತ್ತು ಮನಿಯಾಗ ನೀ ಒಬ್ಬಾಕಿ. ದವಾಖಾನಿಯಾಗ ನಾಕು ದಿನ ಮಂಚದ ಮಗ್ಗಲಾಗ ನೀ ಒಬ್ಬಾಕಿ. ಹೇಳು, ಯಾಕ ಮಾಡಿದಿ? ಸಾಕ್ಷಿ ಹೇಳಬಾರದು ಅಂತೇನು? ಯಾರಾರ ಹೆದರಿಸಿದ್ರೇನು?”

“ಅಯ್ಯ ಶಿವನೇ! ಅಕ್ಕಾರ...”

“ಅಳಬ್ಯಾಡ. ಅತ್ತು ಪಾರಾಗತೀನಿ ಅನ್ನಬ್ಯಾಡ. ಅಲ್ಲಿ ಒಂದು ಜೀವ ಹೋಗಾಕ ಹತ್ತೈತಿ. ಆ ಗುಳಿಗಿ ಎಲ್ಲಿ ಇಟ್ಟಿ?”

ಭಾಗ್ಯ ಅಳಲಿಲ್ಲ. ಅಳು ಮುಗಿದ ಜಾಗಕ್ಕೆ ಬಂದು ನಿಂತಿದ್ದಳು ಅವಳು. ನೆಲಕ್ಕೆ ಕುಕ್ಕರಿಸಿ ಎರಡೂ ಕೈಯಲ್ಲಿ ತಲೆ ಬಡಿದುಕೊಂಡಳು.

“ಹೌದ್ರಿ, ಸಾಕ್ಷಿ ಹೇಳಬ್ಯಾಡ್ರಿ ಅಂದೀನಿ. ಸಾವ್ರ ಸಲ ಅಂದೀನಿ. ಯಾಕಂದೆ? ಈ ಮನಶಾ ಇರಬೇಕು ಅಂತ ಅಂದೀನಿ! ಮದುವಿಯಾದ ತಿಂಗಳಿಗೆ ಒಲಿ ಮುಂದ ಬಿದ್ದು ಒದ್ದಾಡಿದ್ರು. ನಮ್ಮವ್ವ ಬಂದು, ರೋಗಿಷ್ಟಗ ಕೊಟ್ಟು ಮೋಸ ಹೋದ್ವಿ, ನಡಿ ಮನಿಗೆ ಅಂದ್ಲು. ನಾ ಹೋಗಲಿಲ್ಲ. ಹನ್ನೊಂದು ವರ್ಷ ರಾತ್ರಿ ಮೂರು ಗುಳಿಗಿ ಅಂಗೈಯಾಗ ಇಟ್ಟು, ನುಂಗೂತನಕ ಮುಂದ ಕುಂತೀನಿ. ಕೋಸಗಿಗೆ ಹೋದಾಗೂ ಚೀಟಿ ಕಟ್ಟಿ ದಿನದ್ದು ದಿನಕ್ಕ ಇಟ್ಟು ಹೋಗೀನಿ. ನಾ ಕೊಲ್ಲತೀನೇನ್ರಿ? ನಾ?”

ಝಾನ್ಸಿಗೆ ಮನಸ್ಸು ಅಳ್ಳಾಡಿತು. ಆದರೆ ಮನಸ್ಸು ಅಳ್ಳಾಡಿದರೆ ಎಣಿಕೆ ಬದಲಾಗುತ್ತದೆಯೇ?

“ನಾ ಹೇಳಾಕತ್ತಿಲ್ಲ ಭಾಗ್ಯ, ಬಟ್ಟಿ ಹೇಳಾಕತ್ತೈತಿ. ಇಲ್ನೋಡು. ಶುಕ್ರವಾರ, ಗುರುವಾರ, ಬುಧವಾರ, ಮಂಗಳವಾರ, ಸೋಮವಾರ...”

“ಸೋಮವಾರ ಯಾಕ ಎಣಸ್ತೀರಿ?”

“ಯಾಕಂದ್ರ?”

“ಸೋಮವಾರ ಅಮಾಸಿ ಇತ್ತಲ್ರಿ!” ಭಾಗ್ಯ ಎದ್ದು ಕ್ಯಾಲೆಂಡರಿನ ಹತ್ತಿರ ಓಡಿದಳು. ಸೋಮವಾರದ ಅಂಕಿಯ ಪಕ್ಕದ ಕರಿ ಚುಕ್ಕೆಯ ಮೇಲೆ ಬೆರಳಿಟ್ಟಳು. “ಅಮಾಸಿ ದಿನ ನಮ್ಮ ಓಣ್ಯಾಗ ಯಾರೂ ಮಗ್ಗಕ್ಕ ಕೈ ಹಚ್ಚಂಗಿಲ್ಲ. ಎಳಿ ಹಾಕಂಗಿಲ್ಲ, ಬೊಟ್ಟೂ ಇಡಂಗಿಲ್ಲ!”

ಝಾನ್ಸಿ ದಂಗಾದಳು. ಬಸ್ ಕಂಡಕ್ಟರನ ಮಗಳಾದ ತನಗೆ ಮಗ್ಗದ ಸೂಟಿ ಎಲ್ಲಿಂದ ಗೊತ್ತಿರಬೇಕು! ಮತ್ತೆ ಎಣಿಸಿದಳು. ಶುಕ್ರ, ಗುರು, ಬುಧ, ಮಂಗಳ. ಸೋಮವಾರ ಬಿಟ್ಟು ರವಿವಾರ ಐದು, ಶನಿವಾರ ಆರು, ಶುಕ್ರವಾರ ಏಳು, ಗುರುವಾರ ಎಂಟು, ಬುಧವಾರ ಒಂಬತ್ತು.

ಹತ್ತನೆಯದು ಮಂಗಳವಾರ. ಭಾಗ್ಯ ಆ ದಿನ ಕೋಸಗಿಯಲ್ಲಿದ್ದಳು.

“ತಡೀರಿ, ಬೊಟ್ಟೇ ಹೇಳತೈತಿ,” ಎಂದು ಭಾಗ್ಯ ಬಟ್ಟೆಯ ಮೇಲೆ ಬಗ್ಗಿದಳು. “ನೋಡ್ರಿ ಇಲ್ಲಿ. ಇವು ನನ್ನವು, ಕಿರುಬೆರಳಿಂದು, ಸಣ್ಣವು. ಇದು ನೋಡ್ರಿ, ಹತ್ತನೇದು. ಎಷ್ಟು ದೊಡ್ಡದೈತಿ! ನಾ ಇಲ್ಲದಾಗ ಅವರೇ ಹೆಬ್ಬೆರಳಿಂದ ಒತ್ತತಿದ್ರು. ಇದಕ್ಕಿಂತ ಹಿಂದಿನವೂ ದೊಡ್ಡವೇ ಅದಾವ. ನಾ ಮನಿಯಾಗ ಇರಲಿಲ್ಲ ಅಕ್ಕಾರ, ನಾ ಇರಲಿಲ್ಲ!”

ಹೌದು. ಒಂಬತ್ತು ಸಣ್ಣ ಬೊಟ್ಟು. ಹತ್ತನೆಯದು ಗಂಡಸಿನ ಹೆಬ್ಬೆರಳು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಝಾನ್ಸಿ ಕೂತಲ್ಲೇ ಭಾಗ್ಯಳ ಎರಡೂ ಕೈ ಹಿಡಿದುಕೊಂಡಳು. ತಪ್ಪಾಯ್ತವ್ವ ಅನ್ನಲು ಬಾಯಿ ತೆರೆದವಳಿಗೆ ಇನ್ನೊಂದು ಪ್ರಶ್ನೆ ಎದೆಗೆ ಗುದ್ದಿತು.

“ಹಂಗಾರ ಮಂಗಳವಾರ ಮನಿಯಾಗ ಯಾರಿದ್ರು?”

“ಇನ್ಯಾರಿರತಾರ‍್ರಿ? ಅತ್ತಿ ಒಬ್ಬಾಕೀನೇ.”

ಹೇಳಿದ ಮೇಲೂ ಭಾಗ್ಯಳಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳಲು ಅವಳ ಜೀವ ಒಪ್ಪಲಿಲ್ಲ. ಅವಳಿಗೆ ತಾನು ಪಾರಾದ ಸಂತೋಷವೊಂದೇ ಕಾಣುತ್ತಿತ್ತು. ಝಾನ್ಸಿಗೆ ಮಾತ್ರ ಬೆಳಗಿನ ತನ್ನ ಮಾತು ನೆನಪಾಯಿತು. ಹೆಂಡತಿಯನ್ನು ಎಬ್ಬಿಸಿ ಆ ಮಂಚದ ಪಕ್ಕ ಮುದುಕಿಯನ್ನು ಕೂರಿಸಿ ಬಂದವರು ಯಾರು? ತಾನೇ! ಬೇರೆ ಯಾರೂ ಬಾಯಿಗೆ ನೀ‌ರು ಹಾಕಬಾರದು ಎಂದು ಕಾವಲಿಗೆ ನಿಲ್ಲಿಸಿ ಬಂದವಳೂ ತಾನೇ!

ಅವಳು ಅಂಗಳಕ್ಕೆ ಓಡಿ ಫೋನು ತೆಗೆದಳು. ಡಾಕ್ಟರ್ ನವನೀತಾ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ದವಾಖಾನೆಯ ಫೋನು ಎಂಗೇಜು. ಕೊನೆಗೆ ಅನಂತಮ್ಮನ ನಂಬರು ಒತ್ತಿದಳು. ನಾಲ್ಕನೇ ರಿಂಗಿಗೆ ಮುದುಕಿ ಎತ್ತಿದಳು.

“ಅನಂತಮ್ಮಾ, ನಾನು ಝಾನ್ಸಿ. ನರಸಿಂಹುಲು ಹ್ಯಾಂಗದಾನ?”

“ಮಲಗ್ಯಾನ ಮಗಳೇ. ಈಗ ನೋಡು ಚಲೋ ನಿದ್ದಿ ಹತ್ತೈತಿ. ಮುಂಜಾನಿಂದ ಕಣ್ಣು ಅದುರತಿದ್ವು, ಕೈ ನಡಗತಿತ್ತು. ಫಿಟ್ಸ್ ಬಂದೇ ಬಿಡತಾವ ಅಂತ ನನ್ನ ಜೀವ ಹಾರಿಹೋಗಿತ್ತು. ಬಾಳಿಹಣ್ಣಿನಾಗ ಇಟ್ಟು ಕೊಟ್ಟೆ, ಪಾಪ, ನುಂಗಿದ.”

“ಏನು ಕೊಟ್ಟಿ? ಅನಂತಮ್ಮಾ, ಏನು ಕೊಟ್ಟಿ?”

“ಅದೇ ಫಿಟ್ಸಿನ ಗುಳಿಗಿ. ಎಲಿಅಡಕಿ ಚಂಚಿಯಾಗ ಇಟ್ಕೊಂಡೀನಲ್ಲ. ಮನಿಯಾಗ ದಿನಾ ಮುಂಜಾನಿ ಅಂಬಲಿಯಾಗ ಎರಡು ಕೊಡತಿದ್ದೆ, ಇಲ್ಲಿ ಸೊಸಿ ನೀರಿಗೆ ಹೋದಾಗ ಕೊಡತಿದ್ದೆ. ಇವತ್ತು ನಡುಕ ಭಾಳ ಇತ್ತು, ನಾಕು ಕೊಟ್ಟೆ.”

ನಡುಕ ತಂದದ್ದೇ ಆ ಗುಳಿಗೆ. ನಡುಕ ಕಂಡಷ್ಟೂ ತಾಯಿ ಅದನ್ನೇ ಕೊಟ್ಟಿದ್ದಳು. ಮಗ ಉಳಿಯಲಿ ಎಂದೇ ಕೊಟ್ಟಿದ್ದಳು.

“ಎಬ್ಬಿಸು ಅವನ್ನ! ನರ್ಸನ್ನ ಕೂಗು! ಅದು ವಿಷ ಅನಂತಮ್ಮಾ, ಡಾಕ್ಟರು ಬಂದ್ ಮಾಡ್ಯಾರ ಅದನ್ನ!”

“ವಿಷ ಹ್ಯಾಂಗಾಗತೈತಿ? ಹನ್ನೊಂದು ವರ್ಷದಿಂದ ನುಂಗತಾನ...” ಮುದುಕಿ ಮಗನನ್ನು ಅಲುಗಿಸಿ ಕೂಗುವುದು ಕೇಳಿತು. “ನರಸಿಂಹಾ... ಏ ನರಸಿಂಹಾ, ಕಣ್ಣು ತೆಗಿಯೋ... ಏಳವಲ್ಲ ಮಗಳೇ! ಯವ್ವಾ, ಏಳವಲ್ಲ! ಸೊಸಿ ಗುಳಿಗಿ ತಪ್ಪಸ್ತಾಳ, ನೀನೇ ಗುಟ್ಟಾಗಿ ಕೊಡು ಅಂತ ಅವನೇ ಹೇಳಿದ್ದ. ಗುಳಿಗಿ ಡಬ್ಬಿನೂ ಅವನೇ ತಂದುಕೊಟ್ಟ...”

“ಯಾರು? ಅವನು ಅಂದ್ರ ಯಾರು?”

ಫೋನು ಕೈಯಿಂದ ಕೈಗೆ ದಾಟಿದ ಸದ್ದು. “ಕೊಡಿಲ್ಲಿ ಅವ್ವಾ,” ಎಂದಿತು ಒಂದು ಗಂಡಸಿನ ದನಿ. ಬೆಳಿಗ್ಗೆ ಸೊಸೈಟಿಯಲ್ಲಿ ಕೆಲಸವಿದೆ ಎಂದು ಹೊರಟವನ ದನಿ.

“ಝಾನ್ಸಿಯವರ, ಮುದುಕಿಗೆ ಯಾಕ ಹೆದರಸ್ತೀರಿ? ನಾ ಇಲ್ಲೇ ಅದೀನಲ್ಲ, ನೋಡ್ಕೋತೀನಿ. ಡಾಕ್ಟರಮ್ಮ ಆಪರೇಶನ್ ಥಿಯೇಟರಿನಾಗ ಅದಾರ. ನಾರಾಯಣಪೇಟಿಂದ ಬರಾಕ ಎರಡು ತಾಸು ಬೇಕಲ್ಲ ನಿಮಗ? ಸಾವಕಾಶ ಬರ್ರಿ.”

ಲೈನು ಕಡಿಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಒಳಗೆ ಭಾಗ್ಯ ಬಟ್ಟೆಯನ್ನು ಜೋಪಾನವಾಗಿ ದಿಂಡಿಗೆ ಸುತ್ತಿಡುತ್ತಿದ್ದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖದ ಮೇಲೆ ಒಂದಿಷ್ಟು ಕಳೆ ಬಂದಿತ್ತು. ಹೊಸ್ತಿಲ ಮೇಲೆ ನಿಂತ ಝಾನ್ಸಿಯನ್ನು ಕಂಡು ಕೇಳಿದಳು.

“ಅತ್ತಿ ಏನಂದ್ರು ಅಕ್ಕಾರ? ಏನಾರ ತಿಂದಾರಂತೇನು ಅವರು?”